ಬಾಗ್ದಾದಿನ ನೂರಿ ಅಲ್ ಸಯೀದ್

ಕೇಳುಗರಿಗೆ ನಮಸ್ಕಾರ. ಇರಾಕಿನಲ್ಲಿ ಅರಸೊತ್ತಿಗೆ ಇದ್ದದ್ದು 1921ರಿಂದ 1958ರವರೆಗೆ. ಈ ಅವಧಿಯಲ್ಲಿ ಮೂವರು ದೊರೆಗಳು ಪಟ್ಟಕ್ಕೆ ಬಂದರು. ಆಡಳಿತದ ಸೂತ್ರ ಮಾತ್ರ ಮತ್ತೆ ಮತ್ತೆ ನೂರಿ ಅಲ್ ಸಯೀದರ ಕೈ ಸೇರುತ್ತಿತ್ತು. ಅವರು ಹದಿನಾಲ್ಕು ಬಾರಿ ಪ್ರಧಾನಿಯಾದರೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ.

1888ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ನೂರಿ, ಇಸ್ತಾಂಬುಲಿನಲ್ಲಿ ಸೈನಿಕ ಶಿಕ್ಷಣ ಪಡೆದು ಆಟೊಮನ್ ಸೇನೆಯ ಅಧಿಕಾರಿಯಾದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅದೇ ಆಟೊಮನ್ನರ ವಿರುದ್ಧ ಎದ್ದ ಅರಬ್ ದಂಗೆಯನ್ನು ಸೇರಿ, ಮುಂದೆ ಇರಾಕಿನ ದೊರೆಯಾದ ಫೈಸಲರ ಆಪ್ತರಾದರು. 1930ರಲ್ಲಿ ಪ್ರಧಾನಿಯಾಗಿ ಅವರು ಬ್ರಿಟನ್ನಿನೊಡನೆ ಮಾಡಿಕೊಂಡ ಒಪ್ಪಂದದಿಂದ 1932ರಲ್ಲಿ ಇರಾಕ್ ಸ್ವತಂತ್ರ ದೇಶವಾಗಿ ರಾಷ್ಟ್ರಸಂಘವನ್ನು ಸೇರಿತಾದರೂ, ಬ್ರಿಟಿಷರ ವಿಮಾನನೆಲೆಗಳು ಅಲ್ಲೇ ಉಳಿದವು.

1941ರಲ್ಲಿ ಸೇನಾಧಿಕಾರಿಗಳ ಬೆಂಬಲದಿಂದ ಬ್ರಿಟಿಷ್ ವಿರೋಧಿ ರಾಜಕಾರಣಿ ರಶೀದ್ ಆಲಿ ಅಧಿಕಾರ ಹಿಡಿದಾಗ ನೂರಿ ದೇಶ ಬಿಟ್ಟರು. ಬಸ್ರಾದಲ್ಲಿ ಇಳಿದ ಭಾರತೀಯ ತುಕಡಿಗಳೂ ಸೇರಿದಂತೆ ಬ್ರಿಟಿಷ್ ಪಡೆಗಳು ಗೆದ್ದ ಮೇಲೆಯೇ ಅವರು ಮರಳಿದ್ದು. ಪರಕೀಯರ ಬಂದೂಕಿನ ಆಸರೆಯಲ್ಲಿ ಬಂದವರೆಂಬ ಕಳಂಕ ಆಮೇಲೆ ಅಳಿಯಲೇ ಇಲ್ಲ.

ಆದರೆ ಅವರನ್ನು ಬ್ರಿಟಿಷರ ಕೈಗೊಂಬೆ ಎಂದಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. 1950ರಲ್ಲಿ ಸ್ಥಾಪನೆಯಾದ ಅಭಿವೃದ್ಧಿ ಮಂಡಳಿಗೆ ಬಹುಕಾಲ ತೈಲ ಆದಾಯದ ಶೇಕಡಾ 70ರಷ್ಟು ಮೀಸಲಾಗಿತ್ತು. 1954ರಲ್ಲಿ ಟೈಗ್ರಿಸ್ ನದಿ ಉಕ್ಕಿ ಬಾಗ್ದಾದನ್ನೇ ನುಂಗುವಂತಿತ್ತು. ಎರಡೇ ವರ್ಷದಲ್ಲಿ, ಸಮಾರಾದ ಬಳಿ ಕಟ್ಟಿದ ಅಡ್ಡಗಟ್ಟೆಯಿಂದ ನೆರೆನೀರನ್ನು ಥರ್ಥಾರ್ ತಗ್ಗಿಗೆ ತಿರುಗಿಸುವ ಏರ್ಪಾಟು ಸಿದ್ಧವಾಯಿತು. ನೀರನ್ನು ತಡೆದ ಸರ್ಕಾರ ಜಮೀನನ್ನು ಮಾತ್ರ ಮುಟ್ಟಲಿಲ್ಲ. ಸಂಸತ್ತಿನಲ್ಲಿ ನೂರಿಯವರಿಗೆ ಬಲವಾಗಿದ್ದವರೇ ದೊಡ್ಡ ಹಿಡುವಳಿಯ ಶೇಖರು, ಅಂದರೆ ಬುಡಕಟ್ಟುಗಳ ಮುಖಂಡರು. ಬದುಕು ಸಾಗದೆ ಊರು ಬಿಟ್ಟ ಗೇಣಿದಾರರು ಬಾಗ್ದಾದಿನ ಅಂಚಿನಲ್ಲಿ ಮಣ್ಣು, ಜೊಂಡಿನ ಗುಡಿಸಲು ಹಾಕಿಕೊಂಡಿದ್ದರು.

1954ರಲ್ಲಿ ರಾಜಕೀಯ ಪಕ್ಷಗಳನ್ನು ವಿಸರ್ಜಿಸಿದ ನೂರಿ, ಮರುವರ್ಷ ಟರ್ಕಿ, ಬ್ರಿಟನ್, ಪಾಕಿಸ್ತಾನ, ಇರಾನ್‌ಗಳೊಂದಿಗೆ ಸೋವಿಯತ್ ಒಕ್ಕೂಟದ ವಿರುದ್ಧ ಬಾಗ್ದಾದ್ ಒಪ್ಪಂದದ ರಕ್ಷಣಾ ಕೂಟ ಕಟ್ಟಿದರು. ಕೈರೋದಿಂದ ಈಜಿಪ್ಟಿನ ನಾಯಕ ನಾಸರ್ ಅವರ ಬಾನುಲಿ ಹಗಲಿರುಳು ಅವರನ್ನು ಜರೆಯತೊಡಗಿತು. 1956ರಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್‌ಗಳು ಈಜಿಪ್ಟಿನ ಮೇಲೆ ನಡೆಸಿದ ಸೂಯೆಜ್ ದಾಳಿಯ ನಂತರ ಆ ಜರೆತಕ್ಕೆ ಇರಾಕಿನ ಬೀದಿಗಳಲ್ಲೂ ಕಿವಿಗಳು ಹೆಚ್ಚಿದವು.

1958ರ ಜುಲೈ 14ರ ನಸುಕಿನಲ್ಲಿ, ಜೋರ್ಡಾನಿಗೆ ಹೋಗಲು ಆಜ್ಞೆ ಪಡೆದಿದ್ದ ಪಡೆಗಳೇ ದಾರಿಯಲ್ಲಿ ಬಾಗ್ದಾದನ್ನು ವಶಪಡಿಸಿಕೊಂಡವು. ಯುವ ದೊರೆ ಎರಡನೆಯ ಫೈಸಲ್ ಹತರಾದರು. ಹೆಂಗಸಿನ ಉಡುಪಿನಲ್ಲಿ ತಪ್ಪಿಸಿಕೊಳ್ಳಲು ಹೊರಟ ನೂರಿ ಮರುದಿನ ಬೀದಿಯಲ್ಲಿ ಗುರುತು ಸಿಕ್ಕಿ ಪ್ರಾಣ ಕಳೆದುಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಹೊಸ ಸರ್ಕಾರ ಭೂಸುಧಾರಣೆಯ ಕಾನೂನನ್ನು ಹೊರಡಿಸಿತು.