ಮೊದಲು ಕಾಲಡಿ ನೋಡಿಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಗನೋ ಮಗಳೋ ಟೋಕಿಯೊದಲ್ಲಿ ಕೆಲಸದಲ್ಲಿದ್ದು, ಸಕುರಾ ಹೂ ಅರಳುವ ಹೊತ್ತಿಗೆ ಅಲ್ಲಿಗೆ ಹೋಗಿಬರಲು ಟಿಕೆಟ್ ಕಾದಿರಿಸಿರುವ ತಂದೆತಾಯಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಮಾತುಗಳನ್ನು ಬರೆದು ತಂದಿದ್ದೇನೆ. ನಿಮ್ಮ ಕೈಯಲ್ಲಿರುವುದು ದುಬಾರಿ ಕ್ಯಾಮೆರಾ ಆಗಿರಲಿ, ಬರೀ ಮೊಬೈಲ್ ಆಗಿರಲಿ, ನಾನು ಹೇಳುವುದರಲ್ಲಿ ವ್ಯತ್ಯಾಸವೇನೂ ಆಗುವುದಿಲ್ಲ. ಜಪಾನಿಗೆ ಯಾವ ಲೆನ್ಸ್ ಒಯ್ಯಬೇಕು ಎಂಬ ಪ್ರಶ್ನೆಯನ್ನು ಎಷ್ಟೋ ವರ್ಷಗಳಿಂದ ಕೇಳಿಸಿಕೊಂಡು ಬಂದಿದ್ದೇನೆ. ಇಂದು ಅದಕ್ಕೆ ಉತ್ತರ ಕೊಡುವುದಿಲ್ಲ.

ಜಪಾನಿನ ಝೆನ್ ದೇವಾಲಯಗಳಲ್ಲಿ, ಪಾದರಕ್ಷೆ ಕಳಚುವ ಜಾಗದ ಬಳಿ, ನಾಲ್ಕು ಅಕ್ಷರಗಳ ಸಣ್ಣ ಹಲಗೆಯೊಂದನ್ನು ಇಟ್ಟಿರುವುದುಂಟು. ಅದನ್ನು 'ಕ್ಯಕ್ಕ ಶೋಕೊ' ಎಂದು ಓದುತ್ತಾರೆ. ನಿನ್ನ ಕಾಲಡಿಯನ್ನು ನೋಡಿಕೋ ಎಂದು ಅದರ ಅರ್ಥ. ಚಪ್ಪಲಿಯನ್ನು ಓರಣವಾಗಿ ಬಿಡು ಎಂಬ ಮನೆಮಾತೂ ಅದೇ, ಅರಸುವುದನ್ನು ದೂರದಲ್ಲೆಲ್ಲೋ ಅರಸಬೇಡ ಎಂಬ ಗುರುವಾಕ್ಯವೂ ಅದೇ. ನಮ್ಮ ಧ್ಯಾನ ಎಂಬ ಶಬ್ದವೇ ಚೀನಾದಲ್ಲಿ ಚಾನ್ ಆಗಿ ಜಪಾನಿನಲ್ಲಿ ಝೆನ್ ಆಯಿತು. ಹಾಗಾಗಿ ಈ ಮಾತು ನಮಗೆ ತೀರ ಹೊರಗಿನದೇನೂ ಅಲ್ಲ. ಆದರೆ ಕ್ಯಾಮೆರಾ ಹಿಡಿದವನ ಕಣ್ಣು ಸದಾ ಮುಂದಕ್ಕೆ ನೆಟ್ಟಿರುತ್ತದೆ, ತಾನು ಎಲ್ಲಿ ನಿಂತಿದ್ದೇನೆ ಎಂಬುದು ಅವನಿಗೆ ಮರೆತೇ ಹೋಗಿರುತ್ತದೆ. ಚಿತ್ರ ಕೆಡುವುದೂ ಊರಿನವರ ಮನಸ್ಸು ಕೆಡುವುದೂ ಅಲ್ಲಿಂದಲೇ. ಇದನ್ನು ನಾನು ಕಲಿತದ್ದು ಯಾವ ದೇವಾಲಯದಲ್ಲೂ ಅಲ್ಲ, ಒಂದು ಹೊಲದ ಅಂಚಿನಲ್ಲಿ.

ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಬಿಯೇ ಎಂಬ ಊರಿದೆ. ಅಲೆಯಲೆಯಾಗಿ ಹಬ್ಬಿದ ದಿಬ್ಬಗಳ ಮೇಲೆ ಗೋಧಿಯನ್ನೂ ಆಲೂಗಡ್ಡೆಯನ್ನೂ ಬೆಳೆಯುವ ರೈತರ ಊರು ಅದು. ಮಾಎದಾ ಶಿನ್‌ಜೊ ಎಂಬ ಛಾಯಾಗ್ರಾಹಕರು ಆ ದಿಬ್ಬಗಳ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದು, 1987ರಲ್ಲಿ ಅಲ್ಲಿಯೇ ಹಳೆಯ ಶಾಲೆಯೊಂದರ ಜಾಗದಲ್ಲಿ ಚಿತ್ರಶಾಲೆ ತೆರೆದರು; ಅವರ ಚಿತ್ರಗಳ ಮೂಲಕ ಬಿಯೇ ದೇಶಕ್ಕೆಲ್ಲ ಪರಿಚಯವಾಯಿತು. ಅಲ್ಲಿಯ ಒಂದು ಹೊಲದಲ್ಲಿ ಒಂಟಿ ಪಾಪ್ಲರ್ ಮರವೊಂದಿತ್ತು. ಏನನ್ನೋ ಯೋಚಿಸುತ್ತಿರುವಂತೆ ಒಂದು ಬದಿಗೆ ವಾಲಿ ನಿಂತಿದ್ದರಿಂದ ಅದಕ್ಕೆ 'ತತ್ತ್ವಚಿಂತನೆಯ ಮರ' ಎಂದು ಹೆಸರು ಬಿದ್ದಿತ್ತು. ನಾನು 2017ರ ಫೆಬ್ರುವರಿಯಲ್ಲಿ ಅಲ್ಲಿಗೆ ಹೋದದ್ದು ಆ ಮರಕ್ಕಾಗಿಯೇ, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಡಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು.

ನಾನು ಉಳಿದುಕೊಂಡಿದ್ದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರಿಗೆ ಇಂಗ್ಲಿಷ್ ಬಾರದು, ನನ್ನ ಜಪಾನಿ ಅಷ್ಟಕ್ಕಷ್ಟೆ. ಬೆಳಗಿನ ಗಂಜಿಯ ಹೊತ್ತಿಗೆ ಹಾಳೆ ಬಿಡಿಸಿ ತೋರಿಸಿದೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ವ್ಯಾನಿನ ಕೀಲಿ ತೆಗೆದುಕೊಂಡರು. ಕಾಲು ಗಂಟೆ ಹೋದ ಮೇಲೆ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ 'ಇಲ್ಲಿ' ಎಂದರು. ಎದುರಿಗೆ ಬರೀ ಬಿಳಿಯ ಇಳಿಜಾರು. ನಾನು ಹಾಳೆಯನ್ನೂ ದಿಬ್ಬವನ್ನೂ ಹೋಲಿಸಿ ನೋಡಿದೆ. ದಿಬ್ಬದ ಅಂಚು ಸರಿಯಾಗಿ ಕೂಡುತ್ತಿತ್ತು, ಮರ ಮಾತ್ರ ಇರಲಿಲ್ಲ. ಗಾಳಿಗೆ ಬಿತ್ತೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಅಲ್ಲವೆಂದು ತಲೆಯಾಡಿಸಿ, ಗರಗಸ ಎಳೆಯುವಂತೆ ಕೈಯಾಡಿಸಿ, ಆಮೇಲೆ ನನ್ನ ಕೊರಳಲ್ಲಿದ್ದ ಕ್ಯಾಮೆರಾದ ಕಡೆಗೆ ಬೆರಳು ತೋರಿಸಿದರು.

ಮರಕ್ಕೂ ವಯಸ್ಸಾಗಿತ್ತು, ನಿಜ. ಆದರೆ ಬೇಡವೆಂದು ಎಷ್ಟು ಸಲ ಕೇಳಿಕೊಂಡರೂ ಚಿತ್ರಕ್ಕಾಗಿ ಹೊಲಕ್ಕೆ ಇಳಿಯುವವರು ನಿಲ್ಲಲಿಲ್ಲವಾದ್ದರಿಂದ, ಹೊಲದ ಒಡೆಯರು ಬೇಸತ್ತು 2016ರ ಫೆಬ್ರುವರಿಯಲ್ಲಿ ಅದನ್ನು ಉರುಳಿಸಿಬಿಟ್ಟಿದ್ದರು.

ಇಷ್ಟು ತಿಳಿದ ಮೇಲೂ, ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ಕಾಲು ಸುಮ್ಮನಿರಲಿಲ್ಲ. ಮರವಿಲ್ಲದ ದಿಬ್ಬವನ್ನಾದರೂ ತೆಗೆಯೋಣವೆಂದು ಕ್ಯಾಮೆರಾ ಎತ್ತಿದರೆ ಎಡಗಡೆ ವಿದ್ಯುತ್ ಕಂಬವೊಂದು ಅಡ್ಡ ಬರುತ್ತಿತ್ತು. ಎರಡೇ ಹೆಜ್ಜೆ ಹಿಮದೊಳಕ್ಕೆ ಇಟ್ಟರೆ ಕಂಬ ತಪ್ಪುತ್ತಿತ್ತು. ಯಾರೂ ಇಲ್ಲದ ಬಯಲು, ಬರೀ ಹಿಮ, ಯಾರಿಗೇನು ನಷ್ಟ? ಕಾಲೆತ್ತುವಷ್ಟರಲ್ಲಿ ಯಜಮಾನರು ನನ್ನ ತೋಳು ಹಿಡಿದುಕೊಂಡರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಒಂದು ಗೆರೆ ಎಳೆದು, ಅದರ ಕೆಳಗೆ ಹುಲ್ಲಿನೆಸಳಿನಂತೆ ನಾಲ್ಕು ಗೀಟು ಹಾಕಿ, 'ಕೊಮುಗಿ' ಎಂದರು. ಕೊಮುಗಿ ಎಂದರೆ ಗೋಧಿ. ಅಲ್ಲಿ ಗೋಧಿಯನ್ನು ಸೆಪ್ಟೆಂಬರಿನಲ್ಲಿ ಬಿತ್ತುತ್ತಾರೆ. ಮೊಳೆತ ಪೈರು ಚಳಿಗಾಲವಿಡೀ ಹಿಮದಡಿ ಮಲಗಿದ್ದು ಮುಂದಿನ ಬೇಸಿಗೆಯಲ್ಲಿ ಕೊಯ್ಲಿಗೆ ಬರುತ್ತದೆ. ಸಡಿಲವಾದ ಹಿಮವೇ ಅದಕ್ಕೆ ಕಂಬಳಿ. ಬೂಟುಗಾಲು ಬಿದ್ದು ಹಿಮ ಗಟ್ಟಿಯಾದ ಕಡೆ ಕಂಬಳಿ ತೂತಾದಂತೆ, ಚಳಿ ನೇರವಾಗಿ ಪೈರಿಗೆ ಇಳಿಯುತ್ತದೆ. ಬೇರೆ ಕಾಲದಲ್ಲಾದರೋ ಬೂಟಿಗೆ ಅಂಟಿದ ಹೊರಗಿನ ಮಣ್ಣಿನ ಜೊತೆ ಆಲೂಗಡ್ಡೆಯ ಬೇರಿಗೆ ಹತ್ತುವ ಹುಳು ಹೊಲಕ್ಕೆ ಬಂದುಬಿಡುತ್ತದೆ. ನಾನು ಬಯಲು ಎಂದುಕೊಂಡದ್ದು ಬಿತ್ತಿದ ಹೊಲ. ನಾನೂ ಬೇಸಾಯದ ಮನೆಯಲ್ಲಿ ಹುಟ್ಟಿದವನು. ಪೈರು ತುಳಿಯಬಾರದೆಂದು ಒಬ್ಬರು ಅಷ್ಟು ದೂರದ ದೇಶದಲ್ಲಿ ನನಗೆ ಚಿತ್ರ ಬರೆದು ಹೇಳಬೇಕಾಯಿತು.

ಕಂಬವನ್ನು ಸೇರಿಸಿಯೇ ರಸ್ತೆಯ ಮೇಲಿಂದ ಚಿತ್ರ ತೆಗೆದೆ. ಕಂಪ್ಯೂಟರಿನಲ್ಲಿ ಅದನ್ನು ಅಳಿಸಿಬಿಡಿ ಎಂದು ನೋಡಿದವರೆಲ್ಲ ಹೇಳುತ್ತಾರೆ, ನಾನು ಅಳಿಸಿಲ್ಲ. ಅದೇ ಬಿಯೇಯಲ್ಲಿ 2025ರ ಜನವರಿಯಲ್ಲಿ ರಸ್ತೆಬದಿಯ ಬರ್ಚ್ ಮರಗಳ ಸಾಲೊಂದನ್ನೂ ಕಡಿದರು. ಹೊಲಕ್ಕೆ ನೆರಳು ಬೀಳುವುದು ಒಂದು ಕಾರಣವಾದರೆ, ಚಿತ್ರ ತೆಗೆಯುವವರ ಗದ್ದಲ ಇನ್ನೊಂದು ಕಾರಣ.

ಬಿಯೇಯಲ್ಲೇ ನನ್ನ ಸಮಯದ ಬಹುಪಾಲು ಕಳೆದುಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. 3,776 ಮೀಟರ್ ಎತ್ತರದ ಫೂಜಿ ಪರ್ವತ ಬೇಸಿಗೆಯಲ್ಲಿ ಹೆಚ್ಚಾಗಿ ಮೋಡದ ಹಿಂದೆಯೇ ಇರುತ್ತದೆ. ಅದನ್ನು ನೋಡಬೇಕಾದರೆ ಚಳಿಗಾಲದ ಮುಂಜಾನೆ ಹೋಗಬೇಕು. ಅದರ ತಪ್ಪಲಿನ ಫೂಜಿಕಾವಾಗುಚಿಕೊ ಊರಿನಲ್ಲಿ, ದಿನಸಿ ಅಂಗಡಿಯೊಂದರ ಛಾವಣಿಯ ಮೇಲೆ ಪರ್ವತವನ್ನೇ ಕೂರಿಸಿದಂತೆ ಕಾಣುವ ಜಾಗವಿದೆ. ಆ ಒಂದು ಚಿತ್ರಕ್ಕಾಗಿ ಜನರು ವಾಹನಗಳ ನಡುವೆ ರಸ್ತೆಗೆ ನುಗ್ಗತೊಡಗಿದ್ದರಿಂದ, 2024ರ ಮೇ ತಿಂಗಳಲ್ಲಿ ಊರಿನವರು ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆಯನ್ನೇ ಅಡ್ಡ ಕಟ್ಟಬೇಕಾಯಿತು. ಇಷ್ಟಕ್ಕೂ ಎಲ್ಲರೂ ಒಂದೇ ಕಡೆ ಯಾಕೆ ನಿಲ್ಲಬೇಕು? ಹೊಕುಸಾಯ್ ಎಂಬ ಕಲಾವಿದ ಫೂಜಿಯ ಮೂವತ್ತಾರು ನೋಟಗಳೆಂದು ಆರಂಭಿಸಿ ಕೊನೆಗೆ 46 ಚಿತ್ರಗಳನ್ನು ಮಾಡಿದ. ಅವುಗಳಲ್ಲೊಂದರಲ್ಲಿ ಬಡಗಿಯೊಬ್ಬ ಮಾಡುತ್ತಿರುವ ದೊಡ್ಡ ಮರದ ತೊಟ್ಟಿಯ ಬಳೆಯೊಳಗಿಂದ ಪರ್ವತ ಪುಟ್ಟದಾಗಿ ಕಾಣುತ್ತದೆ. ಪರ್ವತ ಒಂದೇ, ಬದಲಾಗುತ್ತ ಹೋದದ್ದು ನಿಂತ ಜಾಗ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಕಾಲಡಿ ನೋಡಿಕೊಳ್ಳಿ.

ಕ್ಯೋಟೊ ನಗರದ ಗಿಯೋನ್ ಬೀದಿಯಲ್ಲಿ ನಿಮ್ಮೆದುರು ಸರಸರನೆ ನಡೆದುಹೋಗುವ ಮೈಕೊ, ಅಂದರೆ ನೃತ್ಯ ಸಂಗೀತಗಳ ವೃತ್ತಿಯನ್ನು ಕಲಿಯುತ್ತಿರುವ ಹುಡುಗಿ, ಕೆಲಸಕ್ಕೆ ಹೊರಟವಳು. ಅವಳ ಮುಖಕ್ಕೆ ಮೊಬೈಲ್ ಹಿಡಿದು ಹಿಂದಕ್ಕೆ ನಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಅಲ್ಲಿಯ ಖಾಸಗಿ ಓಣಿಗಳಿಗೆ ಈಗ ಪ್ರವಾಸಿಗರು ಹೋಗುವಂತಿಲ್ಲ. ಹೋದರೆ ಹತ್ತು ಸಾವಿರ ಯೆನ್ ದಂಡವೆಂದು ಫಲಕ ಹಾಕಿದ್ದಾರೆ. ಶಿರಾಕಾವಾ-ಗೊ ಹಳ್ಳಿಯ ಕಡಿದಾದ ಹುಲ್ಲುಮಾಡಿನ ಮನೆಗಳ ಶೈಲಿಗೆ ಮುಗಿದ ಕೈಗಳ ಹೆಸರಿದೆ, ಅವುಗಳಲ್ಲಿ ಸಂಸಾರಗಳೂ ಇವೆ. ಬಾಗಿಲಿಗೆ ಇಣುಕಬೇಡಿ, ಮೇಲಿನ ದಿಬ್ಬದಿಂದ ಇಡೀ ಹಳ್ಳಿ ಕಾಣುತ್ತದೆ. ಬೌದ್ಧ ದೇವಾಲಯಗಳ ಕೋಯಾಸಾನ್ ಬೆಟ್ಟದಲ್ಲಿ ನಮ್ಮ ಹೋಮವೇ 'ಗೊಮಾ' ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತದೆ. ಆದರೆ ಅಲ್ಲಿಯ ಹಳೆಯ ಸ್ಮಶಾನವಾದ ಒಕುನೊಯಿನ್‌ನಲ್ಲಿ ಆ ಬೆಟ್ಟದ ಮಠವನ್ನು ಸ್ಥಾಪಿಸಿದ ಗುರು ಕೂಕಾಯ್ ಅವರ ಸಮಾಧಿಗೆ ಹೋಗುವ ಕೊನೆಯ ಸೇತುವೆ ದಾಟಿದ ಮೇಲೆ ಕ್ಯಾಮೆರಾ ಚೀಲದಿಂದ ಹೊರಗೆ ಬರಬಾರದು.

ಲೆನ್ಸಿನ ವಿಚಾರ ಹೇಳುವುದಿಲ್ಲ ಎಂದಿದ್ದೆ, ಬೂಟಿನ ವಿಚಾರ ಹೇಳುತ್ತೇನೆ. ಲೇಸು ಕಟ್ಟುವಂಥದ್ದು ಬೇಡ. ದೇವಾಲಯ, ಹಳೆಯ ಮನೆ, ಉಳಿದುಕೊಳ್ಳುವ ಮನೆ ಎಂದು ದಿನಕ್ಕೆ ಹತ್ತು ಸಲ ಕಳಚಿ ಹಾಕಿಕೊಳ್ಳಬೇಕಾಗುತ್ತದೆ. ಕಾಲುಚೀಲದಲ್ಲಿ ತೂತಿಲ್ಲವೇ ಎಂದು ಹೊರಡುವ ಮುನ್ನವೇ ನೋಡಿಕೊಂಡುಬಿಡಿ. ನಮಸ್ಕಾರ.