ಹುಲ್ಲಿನ ಬುಟ್ಟಿಲಿ ಒಂದು ಕೆರೆ: ಮೊಟ್ಟೆಯೊಳಗಿನ ಪೊರೆಗಳ ಕಥೆ

ಶಾಟ್: ಕೊಟ್ಟಿಗೆ ಮೂಲೆ, ಕಾವಿಗೆ ಕೂತ ಹೇಂಟೆ, ಹೊರಗೆ ಮಳೆ

ನಮಸ್ಕಾರ, ತೀರ್ಥಹಳ್ಳಿ ಹತ್ರದ ನಮ್ಮನೆ ಕೊಟ್ಟಿಗೆಯಿಂದ ಮಾತಾಡ್ತಿದೀನಿ. ಗದ್ದೇಲಿ ಕಪ್ಪೆ ವಟಗುಟ್ಟೋದು ಕೇಳ್ತಿದ್ಯಲ್ಲ, ಅವು ನೀರಲ್ಲೇ ಮೊಟ್ಟೆ ಇಡ್ತವೆ, ನೀರು ಬತ್ತಿದ್ರೆ ಮೊಟ್ಟೇನೂ ಒಣಗಿ ಹೋಗತ್ತೆ. ನಮ್ಮ ಹೇಂಟೆ ನೋಡಿ, ಒಣಹುಲ್ಲಲ್ಲಿ ಇಟ್ಟು 21 ದಿನ ಕೂರತ್ತೆ. ಒಳಗಿರೋ ಮರಿ ತನ್ನ ಕೆರೆನ ತಾನೇ ಕಟ್ಕೊಳತ್ತೆ, ಅದಕ್ಕೆ.

ಶಾಟ್: ಕತ್ತಲೆ ಕೋಣೆ, ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್

ಇದು ಐದನೇ ದಿನದ ಮೊಟ್ಟೆ. ಜೇಡ ಕಾಲು ಚಾಚಿದ ಹಾಗೆ ಕೆಂಪು ಗೆರೆ ಕಾಣ್ತಿದ್ಯಾ, ನಡುವಿನ ಕಪ್ಪು ಚುಕ್ಕಿ ಮರಿಯ ಕಣ್ಣು! ಆ ರಕ್ತನಾಳ ಹರಡಿರೋದು ಹಳದಿನ ಸುತ್ತಿರೋ ಯೋಕ್ ಸ್ಯಾಕ್ ಮೇಲೆ, ಅದು ಮರಿಯ ಬುತ್ತಿ. ಕೆರೆ ಅಂದ್ನಲ್ಲ, ಅದು ಆಮ್ನಿಯಾನ್, ಮರಿನ ಸುತ್ತಿರೋ ನೀರಿನ ಚೀಲ, ಅದರ ಗೋಡೇಲಿ ಸಣ್ಣ ಸ್ನಾಯು ಇದೆ, ಅದು ಕುಗ್ಗಿ ಹಿಗ್ಗಿ ಮರಿನ ತೊಟ್ಟಿಲ ಹಾಗೆ ತೂಗತ್ತೆ, ನನಗಂತೂ ಇದನ್ನ ಎಷ್ಟು ಸಲ ಹೇಳಿದ್ರೂ ಸಾಕಾಗಲ್ಲ.

ಅಲಾಂಟಾಯ್ಸ್ ಅನ್ನೋದು ಮರಿಯ ಕರುಳಿನಿಂದ ಹೊರಟ ಚೀಲ, ಮೊದಲು ಮರಿಯ ಹೊಲಸು ತುಂಬ್ಕೊಳತ್ತೆ, ಬೆಳೀತಾ ಬೆಳೀತಾ ಹೊರಗಿನ ಕೋರಿಯಾನ್ ಪೊರೆಗೆ ಅಂಟ್ಕೊಂಡು ಸಿಪ್ಪೆ ಒಳಗೋಡೆಗೆಲ್ಲಾ ಹರಡತ್ತೆ. ಸಿಪ್ಪೇಲಿ ಸಾವಿರಾರು ಕಣ್ಣಿಗೆ ಕಾಣದ ತೂತು, ಅಲ್ಲಿಂದ ಬರೋ ಗಾಳಿನ ಹಿಡಿಯೋದು ಇದೇ ಜೋಡಿ ಪೊರೆ, ಅಂದ್ರೆ ಮರಿಯ ಶ್ವಾಸಕೋಶ ಸದ್ಯಕ್ಕೆ ಇದೇ. ಹೇಂಟೆ ಕೊಕ್ಕಲ್ಲಿ ಮೊಟ್ಟೆ ತಿರುಗಿಸ್ತಾ ಇರತ್ತಲ್ಲ, ತಿರುಗಿಸದೇ ಬಿಟ್ರೆ ಮರಿ ಪೊರೆಗೆ ಅಂಟ್ಕೊಂಡು ಸಾಯಬಹುದು. ಇನ್ಕ್ಯುಬೇಟರ್ ಇಟ್ಟೋರು ಇದನ್ನ ಮರೀಬೇಡಿ.

ದನ ಸಾಕಿದೋರಿಗೆ ಇವೆಲ್ಲ ಹೊಸದೇನಲ್ಲ. ಹಸು ಕರು ಹಾಕುವಾಗ ಸಾಮಾನ್ಯವಾಗಿ ಮೊದಲು ಒಡೆಯೋ ನೀರಿನ ಚೀಲ ಅಲಾಂಟಾಯ್ಸ್‌ದು, ಆಮೇಲೆ ಲೋಳೆ ಲೋಳೆಯಾಗಿ ಬರೋದು ಆಮ್ನಿಯಾನ್ ನೀರು, ಕೊನೆಗೆ ಬೀಳೋ ಮಾಸು ಇದೆಯಲ್ಲ ಅದೂ ಇವೇ ಪೊರೆಗಳು. ಆಗುಂಬೆ ಕಾಡಲ್ಲಿ ತರಗೆಲೆ ಗುಡ್ಡೆ ಮಾಡಿ ಮೊಟ್ಟೆ ಇಡೋ ಕಾಳಿಂಗ ಸರ್ಪದ ಮೊಟ್ಟೇಲೂ ಇವೇ ನಾಲ್ಕು.

ಶಾಟ್: ಒಡೆದ ಸಿಪ್ಪೆ, ಕ್ಲೋಸಪ್

ಮೊಟ್ಟೆ ಒಡೆಯೋಕೆ ಒಂದೆರಡು ದಿನ ಮುಂಚೆ ಉಳಿದ ಹಳದಿನ ಮರಿ ಹೊಟ್ಟೆಯೊಳಗೆ ಎಳ್ಕೊಳತ್ತೆ, ಅದಕ್ಕೇ ಮೊದಲ ಮರಿ ಎರಡು ದಿನ ಮೇವಿಲ್ದೆ ತಡ್ಕೊಳತ್ತೆ, ಹೇಂಟೆ ಉಳಿದ ಮೊಟ್ಟೆಗೆ ಕಾವು ಕೊಡ್ತಾ ಕೂರಬಹುದು. ಮರಿ ಹೊರಗೆ ಬಂದ್ಮೇಲೆ ಸಿಪ್ಪೆ ಎಸೀಬೇಡಿ, ಒಳಗಡೆ ಒಮ್ಮೆ ನೋಡಿ, ಇಲ್ಲಿ, ಒಣಗಿದ ದಾರದ ಹಾಗೆ ಅಂಟಿರೋ ಕೆಂಪು ಗೆರೆ, ನಿನ್ನೆವರೆಗೂ ಅದು ಉಸಿರಾಡಿದ್ದು ಇದರಲ್ಲೇ.