ಒಂದಡಿ ದೂರದ ಮುಖ

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗದ ಕೋಟೆಯಲ್ಲಿ, ದಾವಣಗೆರೆಯ ಗಾಜಿನ ಮನೆಯ ಮುಂದೆ ಕಾಲೇಜು ಮಕ್ಕಳು ಸೆಲ್ಫಿ ತೆಗೆಯುವುದನ್ನು ನೋಡಿರುತ್ತೀರಿ. ಹತ್ತು ತೆಗೆದು ಒಂಬತ್ತು ಅಳಿಸುತ್ತಾರೆ. ‘ನನ್ನ ಮೂಗ್ಯಾಕೆ ಹಿಂಗೆ ದಪ್ಪ?’

ತಪ್ಪು ಮೂಗಿನದಲ್ಲ, ಕೈಯಳತೆಯದು. ಕ್ಯಾಮೆರಾಕ್ಕೆ ಹತ್ತಿರವಿದ್ದದ್ದು ಹಿಗ್ಗಿ ಕಾಣುತ್ತದೆ. ಫೋನು ಒಂದಡಿಯಲ್ಲಿದ್ದರೆ ಕಿವಿಗಿಂತ ಮೂಗು ಅದಕ್ಕೆ ಬಹಳ ಹತ್ತಿರ. ಅಮೆರಿಕದ ವೈದ್ಯರು 2018ರಲ್ಲಿ ಹಾಕಿದ ಲೆಕ್ಕದಂತೆ, ಐದಡಿ ದೂರದ ಚಿತ್ರಕ್ಕಿಂತ ಒಂದಡಿಯ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲ. ಮನೆಯಲ್ಲೇ ಪರೀಕ್ಷಿಸಿ. ಕೈಚಾಚಿ ಒಂದು ತೆಗೆಯಿರಿ. ಆಮೇಲೆ ಐದಡಿ ದೂರದಲ್ಲಿ ಫೋನನ್ನು ಗೋಡೆಗೆ ಆನಿಸಿಟ್ಟು, ಟೈಮರ್ ಹಾಕಿ, ಜೂಮ್ ಮಾಡಿ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಡಿ. ಜನ ನಿಮ್ಮನ್ನು ನೋಡುವುದು ಎರಡನೆಯ ದೂರದಿಂದ.

ಇನ್ನು ‘ಬ್ಯೂಟಿ’ ಗುಂಡಿ. ಎಷ್ಟೋ ಫೋನುಗಳಲ್ಲಿ ಅದು ಕೊಳ್ಳುವಾಗಲೇ ಚಾಲೂ ಇರುತ್ತದೆ. ಮೊಡವೆ ಒರೆಸುತ್ತದೆ, ದವಡೆ ಸಣ್ಣ ಮಾಡುತ್ತದೆ, ಬಣ್ಣ ತಿಳಿ ಮಾಡುತ್ತದೆ. ಸೆಲ್ಫಿ ಕ್ಯಾಮೆರಾ ತೆರೆದು ಆ ಪಟ್ಟಿಯನ್ನು ಸೊನ್ನೆಗೆ ಎಳೆಯಿರಿ. ಮೊದಲ ಕೆಲವು ದಿನ ಸ್ವಂತ ಮುಖವೇ ಕೆಟ್ಟದಾಗಿ ಕಾಣುತ್ತದೆ, ಕಣ್ಣು ಸುಳ್ಳಿಗೆ ಒಗ್ಗಿಹೋಗಿರುತ್ತದಲ್ಲ.

ಇದು ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಫಿಲ್ಟರಿನ ಬಣ್ಣ ಬೇಕೆಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಕ್ರೀಮು ತರುತ್ತಾರೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಲು ಮುಖ ಬೆಳ್ಳಗಾಗುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಮೊಡವೆ, ಕೂದಲು ಏಳುತ್ತವೆ. ಬಿಟ್ಟರೆ ಉರಿ, ಕೆಂಪು, ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ. ಬಿಡಿಸುವ ಕ್ರಮ ಚರ್ಮವೈದ್ಯರಿಗೆ ಗೊತ್ತು, ಟ್ಯೂಬನ್ನು ಜೊತೆಗೆ ಒಯ್ಯಿರಿ.

ರೀಲ್ಸ್ ವಿಷಯಕ್ಕೆ ಬಂದರೆ, ಅಲ್ಲಿ ಲೈಕಷ್ಟೇ ಅಲ್ಲ, ನಿಂತು ನೋಡಿದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಮೆಚ್ಚಿ ನೋಡಿದಿರೋ, ಹೊಟ್ಟೆಕಿಚ್ಚಿನಿಂದ ನೋಡಿದಿರೋ, ಯಂತ್ರಕ್ಕೇನು ಗೊತ್ತು? ಅಂಥದ್ದನ್ನೇ ಇನ್ನಷ್ಟು ತಂದು ಸುರಿಯುತ್ತದೆ. ಅಂಥ ವಿಡಿಯೊ ಬಂದಾಗ ಒತ್ತಿಹಿಡಿದು ‘ಆಸಕ್ತಿಯಿಲ್ಲ’ ಎನ್ನಿ. ಒಂದೆರಡು ಸಲಕ್ಕೆ ನಿಲ್ಲುವುದಿಲ್ಲ, ದಿನವೂ ಮಾಡಬೇಕು.

ಇನ್‌ಸ್ಟಾಗ್ರಾಂ ಅನ್ನೂ ನಡೆಸುವ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದವು. ತಮ್ಮ ಮೈಕಟ್ಟಿನ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತೆಂದು ಶೇ. 32ರಷ್ಟು ಹದಿಹರೆಯದ ಹುಡುಗಿಯರು ಹೇಳಿದ್ದರು. ಆ ಬೇಸರದ ಬೀಜವನ್ನು ಎಷ್ಟೋ ಸಲ ಬಿತ್ತುವವರು ನಾವೇ. ಮದುವೆಮನೆಯ ಊಟದ ಪಂಕ್ತಿಯಲ್ಲಿ ‘ಏನೇ, ಇಷ್ಟು ಕಪ್ಪಾಗಿಬಿಟ್ಟಿದೀಯಾ!’ ಎನ್ನುವ ಅತ್ತೆ-ದೊಡ್ಡಮ್ಮಂದಿರನ್ನು ಯಾವ ಗುಂಡಿ ಒತ್ತಿ ನಿಲ್ಲಿಸುವುದು?

ತಾಯ್ತಂದೆಯರು ಸಿಟ್ಟಿನಿಂದ ಫೋನು ಕಸಿದರೆ ಮಕ್ಕಳು ಗೆಳೆಯರ ಫೋನಿನಲ್ಲಿ ಬೇರೆ ಖಾತೆ ತೆರೆಯುತ್ತಾರೆ, ನಿಮಗೆ ಅದೂ ಕಾಣುವುದಿಲ್ಲ. ಅದಕ್ಕಿಂತ ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಫೋನೂ, ನಿಮ್ಮದೂ ಸೇರಿ, ನಡುಮನೆಯಲ್ಲೇ ಚಾರ್ಜಿಗೆ ಬೀಳಲಿ. ಅಲಾರಂಗೆ ಹಳೆಯ ಗಡಿಯಾರ ಸಾಕು.

ಊಟ ಬಿಡುವುದು, ಕನ್ನಡಿ ಮುಂದೆ ದಿನಕ್ಕೆ ಗಂಟೆಗಟ್ಟಲೆ ನಿಲ್ಲುವುದು, ಮುಖ ತೋರಿಸಲಾಗದೆ ಕಾಲೇಜು ತಪ್ಪಿಸುವುದು ಎರಡು ವಾರ ಮೀರಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಅಂದೇ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ಒಲ್ಲೆ ಎಂದರೆ ಅಪ್ಪ, ಅಮ್ಮ, ಹಾಸ್ಟೆಲಿನ ಗೆಳತಿ, ಯಾರಾದರೂ ಕರೆ ಮಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.